ಹೆಸರುಳ್ಳ ಶಿಲೆ, ಹೆಸರಿಲ್ಲದ ಸರಕು

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೋಡಹೋದವರು ಮದನಿಕೆಯರ ಚೆಲುವಿಗೆ ಮನಸೋತು ನಿಲ್ಲುವುದು ಸಹಜವೇ ಸರಿ. ಆದರೆ ಆ ವಿಗ್ರಹಗಳ ಪೀಠವನ್ನು ಗಮನಿಸುವವರು ವಿರಳ. ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಅಲ್ಲಿ ತಮ್ಮ ಹೆಸರುಗಳನ್ನು ಕೆತ್ತಿ ಹೋಗಿದ್ದಾರೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿಗೆ ಈಗಿನ ಶಿವಮೊಗ್ಗ ಜಿಲ್ಲೆಯ ಕಡೆಯಿಂದ ಬಂದ ರೂವಾರಿಗಳು ಇವರು. ಹಳೇಬೀಡಿನ ಹೊಯ್ಸಳೇಶ್ವರದಲ್ಲಿಯೂ ಇಂತಹ ಅಂಕಿತಗಳುಂಟು. ಅರಸನ ಹೆಸರು ಶಾಸನದಲ್ಲಿ, ರೂವಾರಿಯ ಹೆಸರು ಕೃತಿಯ ಬುಡದಲ್ಲಿ. ಮಾಡಿದವನಿಗೂ ಮಾಡಿದ ವಸ್ತುವಿಗೂ ಇರುವ ನಂಟನ್ನು ಆ ಕಾಲವು ಮರೆಯಲಿಲ್ಲ.

ಇಂದು ಇದೇ ಸೀಮೆಯಿಂದ ಹೊರಡುವ ಸರಕುಗಳ ಗತಿ ಬೇರೆ. ಬೇಲೂರು ಕಡೆಯ ಮಲೆಯ ಕಾಫಿಯೂ ಅರಸೀಕೆರೆ ಬಯಲಿನ ಕೊಬ್ಬರಿಯೂ ಬೆಳೆದವನ ಹೆಸರನ್ನು ತೋಟದಲ್ಲಿಯೇ ಬಿಟ್ಟು ಪ್ರಯಾಣ ಮಾಡುತ್ತವೆ. ಅರಸೀಕೆರೆಯ ರೈತನು ತೆಂಗಿನಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇರಿಸಿ, ಒಳಗಿನ ನೀರು ಆರಿದ ಮೇಲೆ ಸುಲಿದು, ಚಿಪ್ಪೊಡೆದು ಉಂಡೆ ಕೊಬ್ಬರಿಯನ್ನು ತೆಗೆಯುತ್ತಾನೆ. ಅಷ್ಟು ಕಾಲದ ತಾಳ್ಮೆಯೆಲ್ಲ ಮಾರುಕಟ್ಟೆಯ ಅಂಗಳಕ್ಕೆ ಬಂದೊಡನೆ ಒಂದು ತೂಕ, ಒಂದು ಧಾರಣೆಯಾಗಿ ಮುಗಿದುಹೋಗುತ್ತದೆ.

ಕಾಫಿಯ ಧಾರಣೆಯಂತೂ ಊರಿನಲ್ಲಿ ಹುಟ್ಟುವುದೇ ಇಲ್ಲ. ಅರಾಬಿಕಾಕ್ಕೆ ನ್ಯೂಯಾರ್ಕಿನ ಪೇಟೆಯೂ ರೋಬಸ್ಟಾಕ್ಕೆ ಲಂಡನ್ನಿನ ಪೇಟೆಯೂ ದಾರಿ ತೋರಿಸುತ್ತವೆ. 1942ರ ಕಾನೂನಿನ ಮೇರೆಗೆ ಕಾಫಿ ಮಂಡಲಿಯು ಬೆಳೆಯನ್ನು ಒಟ್ಟುಗೂಡಿಸಿ ತಾನೇ ಮಾರುತ್ತಿದ್ದ ಕಾಲದಲ್ಲಿ ಈ ಸಂಗತಿ ಬೆಳೆಗಾರನಿಗೆ ಅಷ್ಟಾಗಿ ತಟ್ಟುತ್ತಿರಲಿಲ್ಲ. 1990ರ ದಶಕದಲ್ಲಿ ಆ ಕಟ್ಟು ಸಡಿಲವಾಗುತ್ತ ಬಂದು 1996ರಲ್ಲಿ ಪೂರ್ತಿಯಾಗಿ ಕಳಚಿತು. 1994ರಲ್ಲಿ ಬ್ರೆಜಿಲಿನ ತೋಟಗಳು ಹಿಮದಿಂದ ಕರಿಕಾದಾಗ ಇಲ್ಲಿಯ ಕಣಗಳಲ್ಲಿ ಹಣ ಹರಿಯಿತು; ವಿಯೆಟ್ನಾಮಿನ ಬೆಳೆ ಮಿತಿಮೀರಿ ಹೆಚ್ಚಿ 2000ದ ಸುಮಾರಿಗೆ ಧಾರಣೆ ನೆಲಕಚ್ಚಿದಾಗ ಇಲ್ಲಿಯ ಮನೆಗಳಿಗೆ ಸಾಲ ಹೊಕ್ಕಿತು. ಮೊದಲನೆಯದು ಬೇಲೂರಿನ ಬೆಳೆಗಾರನ ಪುಣ್ಯವೂ ಅಲ್ಲ, ಎರಡನೆಯದು ಅವನ ಪಾಪವೂ ಅಲ್ಲ.

ಧಾರಣೆಯಂತೆ ಪೀಡೆಯೂ ಸಮುದ್ರವನ್ನು ದಾಟುತ್ತದೆ. ಮೆಕ್ಸಿಕೋ ದೇಶದ ಗೆರೆರೊ ಪ್ರಾಂತದ ತೆಂಗಿನಲ್ಲಿ ಕಂಡು, 1965ರಲ್ಲಿ ವಿದ್ವಾಂಸರಿಂದ ಆ ಪ್ರಾಂತದ ಹೆಸರನ್ನೇ ಪಡೆದ ನುಸಿಯು 1998ರಲ್ಲಿ ಕೇರಳದಲ್ಲಿ ತಲೆದೋರಿ, ಕೆಲವೇ ವರ್ಷಗಳಲ್ಲಿ ಈ ಬಯಲಿಗೂ ಹಬ್ಬಿ ಕಾಯಿಗಳನ್ನು ಕುಗ್ಗಿಸಿತು. ಕಣ್ಣಿಗೆ ಕಾಣದ ಆ ಜೀವಿಗೆ ಲೋಕದ ಗ್ರಂಥಗಳಲ್ಲಿ ಹೆಸರುಂಟು, ಊರುಂಟು. ಅದರಿಂದ ಕೆಟ್ಟ ರೈತನಿಗೆ ಮಾತ್ರ ಎರಡೂ ಇಲ್ಲ!

ಇಷ್ಟರಿಂದ ಹೊರಲೋಕವನ್ನೂ ಹೊಸ ಯಂತ್ರಗಳನ್ನೂ ಹಳಿಯುವುದು ನ್ಯಾಯವಾಗಲಾರದು. ಕಾಫಿಯೇ ಅರಬ್ಬೀ ನಾಡಿನಿಂದ ಬಂದ ಬೆಳೆಯಲ್ಲವೆ? ಹಿಂದೆ ದಲ್ಲಾಳಿ ಹೇಳಿದ್ದನ್ನು ನಂಬಬೇಕಾಗಿದ್ದ ರೈತನಿಗೆ ಇಂದು ಆ ದಿನದ ಧಾರಣೆಯು ಜೇಬಿನ ಮೊಬೈಲಿನಲ್ಲಿಯೇ ದೊರೆಯುತ್ತದೆ. 2014ರಿಂದ ರಾಜ್ಯದ ಮಾರುಕಟ್ಟೆಗಳನ್ನು ಗಣಕಯಂತ್ರದ ಮೂಲಕ ಒಂದಕ್ಕೊಂದು ಜೋಡಿಸಿ, ದೂರದ ವ್ಯಾಪಾರಿಯೂ ಬೆಲೆಯನ್ನು ಸೂಚಿಸುವಂತೆ ಏರ್ಪಾಡಾಯಿತು. ಇವು ಸಣ್ಣ ಉಪಕಾರಗಳಲ್ಲ. ಆದರೂ ಧಾರಣೆಯನ್ನು ತಿಳಿಯುವುದು ಬೇರೆ, ಅದನ್ನು ಕಟ್ಟುವಲ್ಲಿ ಮಾತುಳ್ಳವನಾಗುವುದು ಬೇರೆ. ಆ ಮಾತು ಇಲ್ಲದಿರುವಲ್ಲಿ ಬೆಳೆಗಾರನ ಮಗನು ತೋಟವನ್ನು ನೆಚ್ಚದೆ ಅರಸೀಕೆರೆಯಲ್ಲಿ ಬೆಂಗಳೂರಿನ ರೈಲನ್ನು ಹತ್ತಿದರೆ ಅವನನ್ನು ದೂರುವವರು ಯಾರು?

2019ರಲ್ಲಿ ನೆರೆಯ ಚಿಕ್ಕಮಗಳೂರಿನ ಅರಾಬಿಕಾ ಕಾಫಿಗೆ ಭೌಗೋಳಿಕ ಗುರುತು ದೊರೆಯಿತು. ನೆಲದ ಹೆಸರಿಗೆ ಮರ್ಯಾದೆ ಬಂದಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳನ್ನು ಯುನೆಸ್ಕೊ ಸಂಸ್ಥೆಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಲೋಕದ ಕಣ್ಣು ಈ ಸೀಮೆಯ ಮೇಲೆ ಬಿದ್ದಿರುವ ಕಾಲವಿದು. ಒಬ್ಬೊಬ್ಬರಾಗಿ ಮಾರುವವರ ಹೆಸರನ್ನು ಯಾವ ಪೇಟೆಯೂ ಕೇಳುವುದಿಲ್ಲ. ಒಂದು ಹೋಬಳಿಯವರು ಸಂಘವಾಗಿ ಕೂಡಿ, ಹದವಾದ ಸರಕನ್ನು ತಾವೇ ಆರಿಸಿ, ಊರ ಹೆಸರನ್ನೂ ಬೆಳೆದವರ ಹೆಸರನ್ನೂ ಚೀಲದ ಮೇಲೆ ಬರೆದು ಕಳುಹಿಸಿದರೆ ಕೊಳ್ಳುವವನು ಅದನ್ನು ಓದಿಯಾನು. ಅದಕ್ಕೆ ಬೇಕಾದ ಸಾಧನಗಳು ಈಗ ಪ್ರತಿಯೊಬ್ಬರ ಕೈಗೆಟಕುವಂತಿವೆ. ಕೂಡುವ ಮನಸ್ಸೊಂದನ್ನು ಮಾತ್ರ ಯಾವ ಯಂತ್ರವೂ ತಂದುಕೊಡದು.