ತವರದ ನಾಡಿನಲ್ಲಿ, ಗಣಿ ಮುಚ್ಚಿದ ಮೇಲೆ

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಪಶ್ಚಿಮಕ್ಕೆ ಹೊರಡುವ ರೈಲು ಬ್ರೂನೆಲ್ ಕಟ್ಟಿದ 1859ರ ಕಬ್ಬಿಣದ ಸೇತುವೆಯ ಮೇಲೆ ಟೇಮರ್ ನದಿಯನ್ನು ದಾಟಿತೆಂದರೆ ಕಾರ್ನ್‌ವಾಲ್ ಶುರು. ರೆಡ್ರೂತ್ ಹತ್ತಿರವಾಗುತ್ತಿದ್ದಂತೆ ದನ ಮೇಯುವ ಹೊಲಗಳ ನಡುವೆ ಒಂದೇ ಅಚ್ಚಿನ ಕಟ್ಟಡಗಳು ಕಾಣತೊಡಗುತ್ತವೆ: ಮೂರಂತಸ್ತಿನ ಗ್ರಾನೈಟ್ ಗೋಡೆ, ಒಂದು ಮೂಲೆಗೆ ಅಂಟಿಕೊಂಡ ದುಂಡನೆಯ ಚಿಮಣಿ, ಮೇಲೆ ಸೂರಿಲ್ಲ, ಕಿಟಕಿಯಿದ್ದ ಕಡೆ ಬರೀ ಆಕಾಶ. ಗಣಿಯ ನೀರನ್ನು ಮೇಲೆತ್ತುತ್ತಿದ್ದ ಆವಿ ಎಂಜಿನ್ನುಗಳ ಮನೆಗಳಿವು. ಪಕ್ಕದ ಪಶ್ಚಿಮ ಡೆವನ್ ಸೇರಿದಂತೆ ತವರ, ತಾಮ್ರದ ಈ ಗಣಿಸೀಮೆಯನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮಗೂ ಈ ಸೀಮೆಗೂ ನಂಟಿದೆ. 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಮೂಲಪುರುಷ ಕಸುಬು ಕಲಿತದ್ದು ಇಲ್ಲಿ. ಕೋಲಾರಕ್ಕೆ ಮೇಲ್ವಿಚಾರಕರಾಗಿ ಬಂದವರಲ್ಲಿ ಬಹಳ ಮಂದಿ ಇಲ್ಲಿನವರು. ಕೆಜಿಎಫ್ ಗಣಿಗಳು ಮುಚ್ಚಿ ಎರಡು ದಶಕ ದಾಟಿದೆ. ನಮಗಿಂತ ಮೊದಲೇ ಗಣಿ ಕಳೆದುಕೊಂಡ ಈ ಜನ ಉಳಿದದ್ದನ್ನು ಹೇಗೆ ಕಾಪಾಡಿಕೊಂಡಿದ್ದಾರೆ ಎಂದು ನೋಡಲೆಂದೇ ನಾನು ಇಲ್ಲಿಗೆ ಬಂದದ್ದು.

ನೋಡಿದ ಮೇಲೆ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಯಿತು. ಹಳೆಯ ಗಣಿ ಉಳಿಯಬೇಕಾದರೆ ಊರವರಿಗೆ ಅಲ್ಲಿ ವರ್ಷವರ್ಷವೂ ಮಾಡಲು ಏನಾದರೊಂದು ಇರಬೇಕು. ಹಬ್ಬ, ಮೆರವಣಿಗೆ, ಪ್ರಾರ್ಥನೆ, ದುರಸ್ತಿ, ಸತ್ತವರ ಸ್ಮರಣೆ, ಯಾವುದಾದರೂ ಸರಿ. ಇವನ್ನೆಲ್ಲ ಪ್ರವಾಸಿ ತಾಣಕ್ಕೆ ಮೆರುಗು ಕೊಡುವ ಕಾರ್ಯಕ್ರಮಗಳೆಂದು ಎಣಿಸುವುದು ನಮ್ಮಲ್ಲಿ ರೂಢಿ. ಕಾರ್ನ್‌ವಾಲ್‌ನಲ್ಲಿ ಕಂಡದ್ದು ಇದರ ತಿರುವುಮುರುವು: ಜನ ಸೇರುತ್ತಿದ್ದ ಜಾಗಗಳು ಉಳಿದಿವೆ. ಇದಕ್ಕೆ ರೆಡ್ರೂತ್ ಬಳಿಯ ಗ್ವೆನಪ್ ಪಿಟ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಒಂದು ಕಾಲಕ್ಕೆ ಜಗತ್ತಿನಲ್ಲೇ ಹೆಸರಾದ ತಾಮ್ರದ ನೆಲವಿದು. ಇಲ್ಲಿನ ಕನ್ಸಾಲಿಡೇಟೆಡ್ ಗಣಿಗಳನ್ನು 1819ರಲ್ಲಿ ಮತ್ತೆ ತೆರೆದವನು ಅದೇ ಜಾನ್ ಟೇಲರ್. ಸುತ್ತಲಿನ ಬಹುಪಾಲು ಗಣಿಗಳ ಗುರುತು ಈಗ ಕಲ್ಲುರಾಶಿ ಮತ್ತು ಮುಳ್ಳುಪೊದೆ. ಆದರೆ ಗಣಿ ಕುಸಿದು ಆಯಿತೆನ್ನುವ ಗ್ವೆನಪ್ ಪಿಟ್ ಎಂಬ ಈ ತಗ್ಗು ಮಾತ್ರ ಇವತ್ತಿಗೂ ಹುಲ್ಲು ಕತ್ತರಿಸಿದಂತೆ ಓರಣವಾಗಿದೆ. ಮೆಥಡಿಸ್ಟ್ ಬೋಧಕ ಜಾನ್ ವೆಸ್ಲಿ 1762ರಿಂದ 1789ರವರೆಗೆ ಇದರಲ್ಲಿ ನಿಂತು ಗಣಿಗಾರರಿಗೆ ಉಪದೇಶ ಮಾಡಿದ. 1806ರಲ್ಲಿ ಊರ ಗಣಿಗಾರರೇ ಇದನ್ನು ದುಂಡಗೆ ತಿದ್ದಿ, ಒಂದರ ಮೇಲೊಂದು ಹುಲ್ಲಿನ ಮೆಟ್ಟಿಲು ಕಟ್ಟಿದರು. ಮರುವರ್ಷದಿಂದ ವಸಂತದಲ್ಲಿ ಪ್ರತಿವರ್ಷದ ಪ್ರಾರ್ಥನೆ ಶುರುವಾಯಿತು. ಮೆಟ್ಟಿಲ ಮೇಲೆ ಕುಳಿತು ನೋಡಿದರೆ ಇದರ ಗುಟ್ಟು ತಿಳಿಯುತ್ತದೆ. ಇಲ್ಲಿ ಬೀಗವಿಲ್ಲ, ಕಾವಲಿಲ್ಲ, ಬೆಲೆಬಾಳುವ ವಸ್ತು ಒಂದೂ ಇಲ್ಲ. ಬರೀ ಮಣ್ಣು, ಹುಲ್ಲು. ನಾಲ್ಕು ಮಳೆಗಾಲ ಬಿಟ್ಟರೆ ಕರಗಿಹೋಗುವಂಥದ್ದು ಎರಡು ಶತಮಾನ ನಿಂತಿದೆ, ಏಕೆಂದರೆ ಪ್ರತಿ ವರ್ಷ ಅಲ್ಲಿ ಕೂರಲು ಜನ ಬರುತ್ತಾರೆ.

ಕ್ಯಾಂಬೋರ್ನ್ ಇಲ್ಲಿಂದ ಕೆಲವೇ ಮೈಲಿ. 1801ರ ಕ್ರಿಸ್‌ಮಸ್ ಹಿಂದಿನ ದಿನ ರಿಚರ್ಡ್ ಟ್ರೆವಿಥಿಕ್ ತನ್ನ ಆವಿಬಂಡಿಯಲ್ಲಿ ಜನರನ್ನು ಕೂರಿಸಿಕೊಂಡು ಈ ಊರಿನ ಏರು ಹತ್ತಿಸಿದ. ಅವನ ಹೆಸರಿನ ದಿನವನ್ನು ಏಪ್ರಿಲ್ ಕೊನೆಯ ಶನಿವಾರ ಊರು 1984ರಿಂದ ಆಚರಿಸುತ್ತಿದೆ. ಬಿಳಿ ಟೊಪ್ಪಿಗೆ, ಏಪ್ರನ್ ತೊಟ್ಟ ಶಾಲೆಯ ಹುಡುಗಿಯರು, ಗಣಿಗಾರರ ವೇಷದ ಹುಡುಗರು ಬೀದಿಯಲ್ಲಿ ಸಾಲುಗಟ್ಟಿ ಕುಣಿಯುತ್ತಾರೆ. ಮಧ್ಯಾಹ್ನ ಹೊಗೆಯುಗುಳುವ ಎಂಜಿನ್ನುಗಳು ಒಂದರ ಹಿಂದೊಂದು ಗ್ರಂಥಾಲಯದ ಮುಂದಿನ ಟ್ರೆವಿಥಿಕ್ ಪ್ರತಿಮೆಯ ಎದುರು ಹಾದುಹೋಗುತ್ತವೆ. ನನ್ನ ಗಮನ ಸೆಳೆದದ್ದು ಎಂಜಿನ್ನಿಗಿಂತ ಆ ಹುಡುಗಿಯರ ಉಡುಪು. ಗಣಿಯ ಬಾಯಲ್ಲಿ ಕೂತು ಸುತ್ತಿಗೆಯಿಂದ ಅದಿರು ಒಡೆಯುತ್ತಿದ್ದ ಹೆಣ್ಣುಮಕ್ಕಳ ಉಡುಪದು. 'ಬಾಲ್ ಮೇಡನ್' ಎಂದು ಅವರನ್ನು ಕರೆಯುತ್ತಿದ್ದರು. ಗಣಿ ಎಂದೊಡನೆ ಗಂಡಸು, ದೀಪ, ಸುರಂಗ ಎಂದಷ್ಟೇ ನೆನೆಯುವ ನಮ್ಮ ಬುದ್ಧಿಗೆ ನೆಲದ ಮೇಲೆ ದುಡಿದ ಈ ಕೈಗಳು ಹೊಳೆಯುವುದೇ ಇಲ್ಲ. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಆ ಟೊಪ್ಪಿಗೆಯನ್ನಿಟ್ಟರೆ ಒಂದು ನಿಮಿಷ ನೋಡಿ ಮುಂದೆ ಹೋಗುತ್ತೇವೆ. ಕುಣಿಯುವ ಹುಡುಗಿಗಾದರೆ ಅದನ್ನು ಯಾರಾದರೂ ಹೊಲಿಯಬೇಕು, ಹೊಲಿಯುವಾಗ ಯಾಕೆಂದು ಹೇಳಬೇಕು.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ಹಗುರವಾದುದಲ್ಲ. ಎಳೆಯ ವಯಸ್ಸಿನಲ್ಲಿ ಮಳೆಗಾಳಿಗೆ ಮೈಯೊಡ್ಡಿ ಕಲ್ಲು ಕುಟ್ಟಿದವರ ಬದುಕನ್ನು ಬ್ಯಾಂಡಿನ ತಾಳಕ್ಕೆ ಕುಣಿಸುವುದು ನೋವನ್ನು ಅಲಂಕರಿಸಿದಂತಲ್ಲವೇ? ಹಬ್ಬವಷ್ಟೇ ಇದ್ದಿದ್ದರೆ ನಾನು ಹೌದೆನ್ನುತ್ತಿದ್ದೆ. ಆದರೆ ಸೇಂಟ್ ಜಸ್ಟ್ ಕಡೆ ಹೋಗಿ, ಕಡಲಿಗೆ ಬಾಗಿದ ಬಂಡೆಯ ಅಂಚಿನಲ್ಲಿರುವ ಲೆವಂಟ್ ಗಣಿಯನ್ನು ನೋಡಬೇಕು. ಅಲ್ಲಿ ಆಳು ಇಳಿಯಲು, ಏರಲು ಒಂದು ಯಂತ್ರವಿತ್ತು. ಶಾಫ್ಟಿನುದ್ದಕ್ಕೂ ಇಳಿಬಿಟ್ಟ ಮರದ ತೊಲೆ ಹನ್ನೆರಡು ಅಡಿ ಮೇಲೆದ್ದು ಹನ್ನೆರಡು ಅಡಿ ಕೆಳಗಿಳಿಯುತ್ತಿರುತ್ತದೆ. ತೊಲೆಯ ಮೆಟ್ಟಿಲ ಮೇಲೆ ಕಾಲಿಟ್ಟು ಏರಿ, ಪಕ್ಕದ ಹಲಗೆಗೆ ಸರಿದು, ಮುಂದಿನ ಮೆಟ್ಟಿಲಿಗೆ ಕಾಯುತ್ತ ಮನುಷ್ಯ ಮೇಲೆ ಬರುತ್ತಾನೆ. 1919ರ ಅಕ್ಟೋಬರ್ 20ರಂದು, ಪಾಳಿ ಮುಗಿಸಿ ನೂರಕ್ಕೂ ಹೆಚ್ಚು ಮಂದಿ ಅದರ ಮೇಲಿದ್ದಾಗ, ತುದಿಯ ಕಬ್ಬಿಣದ ಹಿಡಿ ಮುರಿಯಿತು. 31 ಜನ ಸತ್ತರು. ಆ ಶಾಫ್ಟಿನ ಬಾಯಿಗೆ ಇವತ್ತೂ ಜನ ನಡೆದು ಹೋಗುತ್ತಾರೆ. ನೂರು ವರ್ಷ ತುಂಬಿದ 2019ರಲ್ಲಿ ಆ ಸಾವುಗಳ ಸ್ಮರಣೆಯೂ ನಡೆಯಿತು. ಕುಣಿತವೂ ಶೋಕವೂ ಒಂದೇ ಸೀಮೆಯ ಪಂಚಾಂಗದಲ್ಲಿವೆ. ಹಬ್ಬಕ್ಕೆ ಸೇರಿ ಅಭ್ಯಾಸವಿರುವ ಜನರೇ ಸೂತಕಕ್ಕೂ ಸೇರುತ್ತಾರೆ, ನಮ್ಮ ಹಳ್ಳಿಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಅದೇ ಲೆವಂಟ್‌ನಲ್ಲಿ 1840ರ ಒಂದು ಆವಿ ಎಂಜಿನ್ ಇದೆ. ಗಣಿ 1930ರಲ್ಲಿ ಮುಚ್ಚಿದಾಗ ಅದು ಗುಜರಿಗೆ ಹೋಗುವುದಿತ್ತು. 1935ರಲ್ಲಿ ಸಮಿತಿ ಕಟ್ಟಿಕೊಂಡು ಅದನ್ನು ಉಳಿಸಿಕೊಂಡವರು ಎಂಜಿನ್ನುಗಳ ಮೇಲೆ ಪ್ರೀತಿಯಿದ್ದ ಸಾಮಾನ್ಯರು. ಆ ಸಮಿತಿಯೇ ಬೆಳೆದು ಟ್ರೆವಿಥಿಕ್ ಸೊಸೈಟಿಯಾಯಿತು. ತುಕ್ಕು ಹಿಡಿದ ಯಂತ್ರವನ್ನು 1984ರಿಂದ ಕೂತು ಬಿಚ್ಚಿ, ಉಜ್ಜಿ, ಜೋಡಿಸಿದ್ದು 'ಗ್ರೀಸಿ ಗ್ಯಾಂಗ್' ಎಂದು ಹೆಸರಾದ ಸ್ವಯಂಸೇವಕರ ತಂಡ. 1993ರಲ್ಲಿ ಎಂಜಿನ್ ಮತ್ತೆ ಆವಿಯ ಮೇಲೆ ತಿರುಗಿತು. ನ್ಯಾಷನಲ್ ಟ್ರಸ್ಟ್ ಎಂಬ ದೊಡ್ಡ ಸಂಸ್ಥೆ ಇವತ್ತು ಅದರ ಉಸ್ತುವಾರಿ ನೋಡುತ್ತಿರಬಹುದು. ಆದರೆ ಯುನೆಸ್ಕೊ ಪಟ್ಟಿಗಿಂತ ಏಳು ದಶಕ ಮೊದಲೇ ಇದನ್ನು ಪರಂಪರೆಯೆಂದು ತೀರ್ಮಾನಿಸಿದವರು ಬೇರೆ.

ಲೆವಂಟ್‌ನಿಂದ ಕಡಲಂಚಿನಲ್ಲೇ ಸ್ವಲ್ಪ ನಡೆದರೆ ಗೀವರ್. 1985ರಲ್ಲಿ ಜಗತ್ತಿನ ತವರದ ಮಾರುಕಟ್ಟೆ ಕುಸಿದ ಹೊಡೆತಕ್ಕೆ 1990ರಲ್ಲಿ ಕೆಲಸ ನಿಲ್ಲಿಸಿದ ಗಣಿಯಿದು. 1991ರಲ್ಲಿ ಪಂಪುಗಳನ್ನು ನಿಲ್ಲಿಸಿದ ಮೇಲೆ ಸಮುದ್ರದಡಿಯ ಸುರಂಗಗಳು ಮುಳುಗಿದವು. 1993ರಿಂದ ಇದು ವಸ್ತುಸಂಗ್ರಹಾಲಯ. ಸ್ಥಳೀಯ ಸಂಸ್ಥೆಯೊಂದು ನಡೆಸುತ್ತಿದೆ. ಹಳೆಯ ಗಣಿಗಾರರೇ ದಾರಿ ತೋರಿಸುತ್ತ ಬಂದಿರುವ ತಾಣವಿದು. ಹೆಲ್ಮೆಟ್ ಹಾಕಿಸಿ ಕರೆದೊಯ್ಯುವ ಹದಿನೆಂಟನೇ ಶತಮಾನದ ಸುರಂಗದಲ್ಲಿ ಬೆನ್ನು ಬಗ್ಗಿಸದೆ ನಡೆಯಲಾಗದು. ಮಕ್ಕಳು ತಟ್ಟೆಯಲ್ಲಿ ಮರಳು ಜಾಲಿಸಿ ಹೊಳೆಯುವ ಹರಳು ಹುಡುಕುತ್ತಾರೆ, ನಮ್ಮ ಜಲಗಾರರು ಹೊಳೆಯ ದಂಡೆಯಲ್ಲಿ ಚಿನ್ನದ ಪುಡಿ ಜಾಲಿಸಿದ ಹಾಗೆ. ಆದರೆ ಗೀವರ್‌ನಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಪಾಳಿ ಮುಗಿಸಿ ಬಂದವರು ಸ್ನಾನ ಮಾಡಿ ಬಟ್ಟೆ ಬದಲಿಸುತ್ತಿದ್ದ ಕೋಣೆಯಲ್ಲಿ. ಸಾಲು ಸಾಲು ಲಾಕರುಗಳು, ತೂಗುಬಿಟ್ಟ ಕೆಲಸದ ಬಟ್ಟೆ, ಕೆಮ್ಮಣ್ಣಿನ ಕಲೆ ಹೋಗದ ಬೂಟುಗಳು. ಕೊನೆಯ ದಿನ ಬಿಟ್ಟುಹೋದಂತೆಯೇ ಅದನ್ನು ಇಟ್ಟುಕೊಂಡಿದ್ದಾರೆ. ಹೊರಗಿನ ವಿನ್ಯಾಸಕಾರ ಬಂದಿದ್ದರೆ ಮೊದಲು ಇದನ್ನೇ ತೊಳೆದು ಬಣ್ಣ ಬಳಿಸುತ್ತಿದ್ದನೆಂಬ ಗುಮಾನಿ ನನಗಿದೆ.

ಹಬ್ಬದಿಂದ ಹೊಟ್ಟೆ ತುಂಬುವುದಿಲ್ಲ ಎನ್ನುವವರಿದ್ದಾರೆ. ನಿಜ. ಕ್ಯಾಂಬೋರ್ನ್ ಬಳಿಯ ಕೊನೆಯ ದೊಡ್ಡ ಗಣಿ ಸೌತ್ ಕ್ರಾಫ್ಟಿ 1998ರಲ್ಲಿ ಮುಚ್ಚಿದ ಮೇಲೆ ಆ ಸೀಮೆ ಇಂಗ್ಲೆಂಡಿನ ಬಡ ಪ್ರದೇಶಗಳ ಸಾಲಿನಲ್ಲೇ ಉಳಿದಿದೆ. ಗಣಿ ಕೊಡುತ್ತಿದ್ದ ಸಂಬಳವನ್ನು ಯಾವ ಮೆರವಣಿಗೆಯೂ ತಂದುಕೊಟ್ಟಿಲ್ಲ. ಪರಂಪರೆಯ ಹೆಸರಿನಲ್ಲಿ ಉದ್ಯೋಗದ ಭರವಸೆ ಕೊಡುವ ಯಾರನ್ನೂ ನಾನು ನಂಬಲಾರೆ. ಆದರೆ ಉದ್ಯೋಗ ಕೊಡಲಿಲ್ಲವೆಂದು ಬಿಟ್ಟುಬಿಟ್ಟರೆ ಬೇರೊಂದು ನಷ್ಟವಿದೆ. ಯುನೆಸ್ಕೊ ಪಟ್ಟಿ ಸೇರಿದ ಹತ್ತನೇ ವರ್ಷ, 2016ರಲ್ಲಿ, 'ಮ್ಯಾನ್ ಎಂಜಿನ್' ಎಂಬ ಹನ್ನೊಂದು ಮೀಟರಿಗೂ ಎತ್ತರದ ಯಂತ್ರದ ಗಣಿಗಾರ ಟಾವಿಸ್ಟಾಕ್‌ನಿಂದ ಗೀವರ್‌ವರೆಗೆ ಊರೂರು ಸುತ್ತಿದಾಗ ಬೀದಿಗೆ ಬಂದವರು ಲಕ್ಷಕ್ಕೂ ಹೆಚ್ಚು. ಕೆಲಸ ಹೋದ ಊರಿಗೆ ತಾನು ಒಂದು ಕಾಲಕ್ಕೆ ಏನು ಬಲ್ಲೆ ಎನ್ನುವುದೂ ಮರೆತುಹೋದರೆ, ಮುಂದಿನ ತಲೆಮಾರಿಗೆ ಬಡತನವೊಂದೇ ಬಳುವಳಿ.

ಇನ್ನು ಕೋಲಾರಕ್ಕೆ ಈ ಮಾತು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ. ಕಾರ್ನ್‌ವಾಲ್‌ನ ಗಣಿಗಾರ ತನ್ನ ನೆಲದಲ್ಲಿ ದುಡಿದ. ಕೆಜಿಎಫ್‌ನ ಕಾರ್ಮಿಕರು ಉತ್ತರ ಆರ್ಕಾಟಿನಂಥ ಕಡೆಗಳಿಂದ ಬಂದ ತಮಿಳು, ತೆಲುಗು ಮಾತಾಡುವ ಬಡವರು, ಹೆಚ್ಚಿನವರು ದಲಿತರು. ದೊರೆಗಳಿಗೆ ಬಂಗಲೆ, ಕ್ಲಬ್ಬು; ಇವರಿಗೆ ಸಾಲುಮನೆ. ಕಾರ್ನ್‌ವಾಲ್‌ನಲ್ಲಿ ಕೂಲಿಯಾಗಿದ್ದವನು ಇಲ್ಲಿ ಸಾಹೇಬನಾದ. ಇಂಥ ಜಾಗದಲ್ಲಿ ಪರಂಪರೆಯ ಹಬ್ಬ ಯಾರದು ಎಂದು ಕೇಳುವುದು ನ್ಯಾಯವೇ. ನನ್ನ ಉತ್ತರ, ಈ ಕಾರಣಕ್ಕೇ ಅದನ್ನು ಊರವರ ಕೈಗೆ ಕೊಡಬೇಕು. ಹೊರಗಿನವರು ಮಾಡಿದರೆ ಶಿವನಸಮುದ್ರದಿಂದ 1902ರಲ್ಲಿ ಬಂದ ವಿದ್ಯುತ್ತು, ಮೂರು ಕಿಲೋಮೀಟರಿಗೂ ಆಳದ ಶಾಫ್ಟು, ಬಂಗಲೆಯ ಹೂದೋಟ, ಸಿನಿಮಾದಲ್ಲಿ ಕಂಡ ಸೈನೈಡ್ ದಿಬ್ಬ, ಇಷ್ಟಕ್ಕೆ ಕಥೆ ಮುಗಿಯುತ್ತದೆ. ಬೆರಳಚ್ಚು ಕೊಡುವುದಿಲ್ಲವೆಂದು 1930ರಲ್ಲಿ ಕಾರ್ಮಿಕರು ಹೂಡಿದ ಮುಷ್ಕರವನ್ನು, ಬಂಡೆ ಸಿಡಿದು ಸತ್ತವರ ಹೆಸರುಗಳನ್ನು ಚಾಂಪಿಯನ್ ರೀಫಿನ, ಮಾರಿಕುಪ್ಪಂನ ಮನೆಗಳೇ ಹೇಳಬೇಕು, ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ.

ಇದಕ್ಕೆ ಕೋಟಿಗಟ್ಟಲೆ ಹಣದ ಯೋಜನೆ ಮೊದಲ ಹೆಜ್ಜೆಯಲ್ಲ. ಗಣಿ ಮುಚ್ಚಿದ ಫೆಬ್ರವರಿ 28ರಂದು ವರ್ಷಕ್ಕೊಮ್ಮೆ ಒಂದು ಶಾಫ್ಟಿನ ಹೊರಗಿನ ಬಯಲು, ಬಟ್ಟೆ ಬದಲಿಸುತ್ತಿದ್ದ ಒಂದು ಕೋಣೆ ಊರವರಿಗೆ ತೆರೆದಿರಲಿ. ದೀಪ, ಬೂಟು, ಸಂಬಳದ ಚೀಟಿ, ಏನು ಉಳಿದಿದೆಯೋ ಅದನ್ನು ಮನೆಗಳಿಂದ ತರಲಿ. ಸೈನೈಡ್ ದಿಬ್ಬದ ಧೂಳು ತಿಂದವರ ದೂರೂ ಅಲ್ಲೇ ಮಾತಿಗೆ ಬರಲಿ. ಗಣಿ ಮುಚ್ಚಿದ 2001ರಲ್ಲಿ ಮೂವತ್ತರ ಹರೆಯದಲ್ಲಿ ಶಾಫ್ಟಿನ ಪಂಜರದಲ್ಲಿ ಇಳಿಯುತ್ತಿದ್ದವರು ಈಗ ಐವತ್ತು ದಾಟಿದ್ದಾರೆ. ಗೀವರ್ ಮುಚ್ಚಿ ಮೂರೇ ವರ್ಷಕ್ಕೆ ಬಾಗಿಲು ತೆರೆದದ್ದರಿಂದ ಅಲ್ಲಿ ದಾರಿ ತೋರಿಸಲು ಗಣಿಗಾರರು ಸಿಕ್ಕರು.