ಕಾಣದ ಅರಿಕೇಸರಿ

ಕಳೆದ ತಿಂಗಳು ನಮ್ಮ ಇಂಗ್ಲಿಷ್ ಮೇಷ್ಟ್ರು ಮನೆ ಖಾಲಿ ಮಾಡಿದರು. ಅವರಿಗೀಗ ಎಂಬತ್ತರ ಸಮೀಪ. ಬೆಂಗಳೂರಿನ ಮಗಳ ಮನೆಯಲ್ಲಿ ಅವರಿಗೊಂದು ಕೋಣೆ ಉಂಟು. ಅವರ ಪುಸ್ತಕಗಳಿಗೆ ಇಲ್ಲ. ಆದ್ದರಿಂದ ಮೈಸೂರಿನಲ್ಲಿರುವ ಹಳೆಯ ಶಿಷ್ಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆಸಿ, ಶ್ರಾದ್ಧದ ದಾನದಂತೆ, ಒಂದೊಂದು ಕಟ್ಟು ಕೊಟ್ಟು ಕಳಿಸುತ್ತಿದ್ದರು. ನನ್ನ ಪಾಲಿಗೆ ಬಂದದ್ದು ‘ಎನ್‌ಕೌಂಟರ್’ ಪತ್ರಿಕೆಯ ಹಳೆಯ ಸಂಚಿಕೆಗಳು. ಕ್ಯಾಲಿಕೊ ರಟ್ಟು ಹಾಕಿ, ಬೆನ್ನಿಗೆ ವರ್ಷ ಬರೆದಿಟ್ಟಿದ್ದ ಆರು ಸಂಪುಟ.

“ಕನ್ನಡದವನಿಗೆ ಇದೇಕೆ ಸಾರ್?” ಎಂದೆ.

“ನಿಮ್ಮ ನವ್ಯದವರು ಏನನ್ನು ಓದಿ ಕೆಟ್ಟರು ಅಂತ ನಿನಗೂ ಗೊತ್ತಾಗಲಿ, ತೊಗೊಂಡು ಹೋಗಯ್ಯ” ಎಂದರು.

ನವ್ಯದವರು ಕೆಟ್ಟರೆಂಬುದನ್ನು ನಾನು ಒಪ್ಪುವವನಲ್ಲ. ಮೇಷ್ಟ್ರೂ ಒಪ್ಪುವುದಿಲ್ಲ, ಅದು ಅವರ ಮಾತಿನ ರೀತಿ. ಆದರೆ ಆ ಪತ್ರಿಕೆಯ ಕಥೆ ನನಗೆ ಅಷ್ಟಿಷ್ಟು ಗೊತ್ತಿತ್ತು. ಮನೆಗೆ ತಂದು, ಧೂಳು ಕೊಡವಿ, ರಾತ್ರಿಯೆಲ್ಲ ಓದಿದ ಮೇಲೆ ಅದು ಮನಸ್ಸಿನಿಂದ ಹೋಗಲಿಲ್ಲ.

ಗೊತ್ತಿಲ್ಲದವರಿಗಾಗಿ ಆ ಕಥೆಯನ್ನು ಇಲ್ಲಿ ಹೇಳುತ್ತೇನೆ. ಎರಡನೆಯ ಮಹಾಯುದ್ಧ ಮುಗಿದು ಐದು ವರ್ಷಕ್ಕೆ, 1950ರ ಜೂನ್‌ನಲ್ಲಿ, ಬರ್ಲಿನ್ ನಗರದಲ್ಲಿ ಲೇಖಕರ ಒಂದು ದೊಡ್ಡ ಸಭೆ ಸೇರಿತು. ಸ್ಟಾಲಿನ್ನನ ನಾಡಿನಲ್ಲಿ ಬರೆಯುವವರ ಬಾಯಿ ಕಟ್ಟಿದ್ದಾರೆ, ನಾವು ಸ್ವಾತಂತ್ರ್ಯದ ಪರವಾಗಿ ನಿಲ್ಲಬೇಕು ಎಂಬುದು ಅಲ್ಲಿಯ ಮಾತು. ಮಾತು ಸುಳ್ಳೇನೂ ಅಲ್ಲ. ಅದರಿಂದ ಹುಟ್ಟಿದ್ದು ‘ಸಾಂಸ್ಕೃತಿಕ ಸ್ವಾತಂತ್ರ್ಯದ ಕಾಂಗ್ರೆಸ್’ ಎಂಬ ಸಂಸ್ಥೆ. ಅದರ ಕಚೇರಿ ಪ್ಯಾರಿಸ್ಸಿನಲ್ಲಿತ್ತು, ಶಾಖೆಗಳು ಅನೇಕ ದೇಶಗಳಲ್ಲಿದ್ದವು. 1951ರ ಮಾರ್ಚ್‌ನಲ್ಲಿ ಮುಂಬಯಿಯಲ್ಲೂ ಅದರ ಸಮ್ಮೇಳನ ನಡೆಯಿತು. ಜಯಪ್ರಕಾಶ ನಾರಾಯಣರಂಥವರು, ಮಿನೂ ಮಸಾನಿಯವರಂಥವರು ಅದರಲ್ಲಿದ್ದರು. ಆ ದಶಕದ ನಡುವಿನಲ್ಲಿ ನಿಸ್ಸಿಂ ಎಜೆಕಿಯೆಲ್ಲರ ಸಂಪಾದಕತ್ವದಲ್ಲಿ ‘ಕ್ವೆಸ್ಟ್’ ಎಂಬ ಪತ್ರಿಕೆಯೂ ಇದೇ ಆಶ್ರಯದಲ್ಲಿ ಹೊರಟಿತು. ಲಂಡನ್ನಿನ ‘ಎನ್‌ಕೌಂಟರ್’ ಶುರುವಾದದ್ದು 1953ರಲ್ಲಿ. ಅದರ ಸಂಪಾದಕರು ಕವಿ ಸ್ಟೀಫನ್ ಸ್ಪೆಂಡರ್ ಮತ್ತು ಅಮೆರಿಕದ ಇರ್ವಿಂಗ್ ಕ್ರಿಸ್ಟಲ್.

ಪತ್ರಿಕೆ ಎಂಥದೆಂದರೆ, ಇವತ್ತು ಓದಿದರೂ ಹೊಟ್ಟೆಕಿಚ್ಚಾಗುತ್ತದೆ. ಕವಿತೆ, ವಿಮರ್ಶೆ, ರಾಜಕೀಯ, ಹರಟೆ ಎಲ್ಲ ಒಂದೇ ಹದದಲ್ಲಿ ಬೆಂದಿರುತ್ತವೆ. ಇಂಗ್ಲೆಂಡಿನ ಶ್ರೀಮಂತರ ನುಡಿಗಟ್ಟಿನ ಬಗ್ಗೆ ನ್ಯಾನ್ಸಿ ಮಿಟ್‌ಫರ್ಡ್ 1955ರಲ್ಲಿ ಬರೆದ ಲೇಖನದಿಂದ ಆ ದೇಶವೆಲ್ಲ ತಮ್ಮ ತಮ್ಮ ಮಾತನ್ನು ತಾವೇ ಕದ್ದು ಕೇಳಿಸಿಕೊಳ್ಳುವಂತಾಯಿತಂತೆ. ಇಂಥ ಪತ್ರಿಕೆಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ, ‘ಫಾರ್‌ಫೀಲ್ಡ್ ಫೌಂಡೇಶನ್’ ಎಂಬ ದಾನಿ ಸಂಸ್ಥೆಯ ಹೆಸರು ಹೇಳುತ್ತಿದ್ದರು. ಸಾಹಿತ್ಯಕ್ಕೆ ಧರ್ಮದ ದುಡ್ಡು ಬಂದರೆ ಬೇಡವೆನ್ನುವವರು ಯಾರು?

1966ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಮೊದಲು ಗುಟ್ಟಿನ ಒಂದು ಎಳೆ ಎಳೆಯಿತು. 1967ರಲ್ಲಿ ಪೂರ್ತಿ ಬಿಚ್ಚಿತು. ಆ ಫೌಂಡೇಶನ್ನು ಬರಿಯ ಕೊಳವೆ. ಅದರೊಳಗೆ ಹರಿದದ್ದು ಅಮೆರಿಕದ ಗೂಢಚಾರ ಸಂಸ್ಥೆಯಾದ ಸಿ.ಐ.ಎ. ಹಣ. ಪ್ಯಾರಿಸ್ ಕಚೇರಿಯನ್ನು ನಡೆಸುತ್ತಿದ್ದ ಮೈಕಲ್ ಜೋಸೆಲ್ಸನ್ ಆ ಸಂಸ್ಥೆಯದೇ ಆಳು. ಆ ವರ್ಷದ ಮೇ ತಿಂಗಳಲ್ಲಿ ಟಾಮ್ ಬ್ರೇಡನ್ ಎಂಬ ಮಾಜಿ ಅಧಿಕಾರಿ, ಹೌದು, ನಾವೇ ಮಾಡಿಸಿದೆವು, ಮಾಡಿಸಿದ್ದು ಒಳ್ಳೆಯದೇ ಆಯಿತು ಎಂಬರ್ಥದಲ್ಲಿ ಲೇಖನವನ್ನೇ ಬರೆದುಬಿಟ್ಟ. ಸ್ಪೆಂಡರ್ ಮತ್ತು ಆಗ ಜೊತೆಗಿದ್ದ ಫ್ರಾಂಕ್ ಕರ್ಮೋಡ್ ರಾಜೀನಾಮೆ ಕೊಟ್ಟು ಹೊರಬಂದರು. ತನಗೇನೂ ಗೊತ್ತಿರಲಿಲ್ಲವೆಂದು ಸ್ಪೆಂಡರ್ ಹೇಳಿದ. ಹದಿನಾಲ್ಕು ವರ್ಷ ಒಂದು ಮನೆಯಲ್ಲಿ ಉಂಡವನಿಗೆ ಅಡುಗೆಮನೆ ಎಲ್ಲಿದೆಯೆಂದು ಗೊತ್ತಿರಲಿಲ್ಲವೆ, ಎಂದು ನಗುವವರು ಆಗಲೂ ಇದ್ದರು. ನಾನು ನಗಲಾರೆ. ಕಾರಣ ಮುಂದೆ ಹೇಳುತ್ತೇನೆ.

ನಾನು ತರಗತಿಯಲ್ಲಿ ಪಂಪನನ್ನು ಪಾಠ ಮಾಡುವವನು. ವಿಕ್ರಮಾರ್ಜುನವಿಜಯದಲ್ಲಿ ಅರ್ಜುನನೇ ಅರಿಕೇಸರಿ, ಅರಿಕೇಸರಿಯೇ ಅರ್ಜುನ. ಆಶ್ರಯ ಕೊಟ್ಟ ದೊರೆಯನ್ನು ಭಾರತದ ನಾಯಕನನ್ನಾಗಿ ಮಾಡಬೇಕಾದ್ದರಿಂದ ದ್ರೌಪದಿ ಐವರ ಹೆಂಡತಿಯಾಗದೆ ಅರ್ಜುನನೊಬ್ಬನಿಗೇ ಹೆಂಡತಿಯಾದಳು. ಪ್ರತಿ ವರ್ಷ ಯಾರಾದರೊಬ್ಬ ಹುಡುಗ ಎದ್ದುನಿಂತು, “ಹಾಗಾದರೆ ಪಂಪ ದುಡ್ಡಿಗೆ ಕಥೆ ತಿದ್ದಿದ ಹಾಗಾಯಿತಲ್ಲ ಸಾರ್?” ಎಂದು ಕೇಳುತ್ತಾನೆ. ಹೌದಪ್ಪ, ತಿದ್ದಿದ, ಆದರೆ ಬಚ್ಚಿಡಲಿಲ್ಲ. ದೊರೆಯ ಹೆಸರು ಕಾವ್ಯದ ಮೈತುಂಬ ಇದೆ. ಧರ್ಮವುರದ ಅಗ್ರಹಾರ ಕೊಟ್ಟದ್ದನ್ನು ಕವಿಯೇ ಕೊನೆಯಲ್ಲಿ ಹೇಳಿಕೊಂಡಿದ್ದಾನೆ. ಸಾವಿರ ವರ್ಷ ಕಳೆದ ಮೇಲೂ, ಇಲ್ಲಿ ಉಪ್ಪಿನ ಋಣ ಮಾತಾಡಿತು, ಇಲ್ಲಿ ಕವಿ ಮಾತಾಡಿದ ಎಂದು ನಾವು ಬೆರಳಿಟ್ಟು ತೋರಿಸಬಹುದು. ‘ಎನ್‌ಕೌಂಟರ್’ ಓದುಗನಿಗೆ ಆ ಭಾಗ್ಯವಿರಲಿಲ್ಲ. ಅವನ ಅರಿಕೇಸರಿ ತೆರೆಯ ಹಿಂದೆ ಕೂತಿದ್ದ.

ರಷ್ಯದವರು ಹಾಗಲ್ಲ, ಕೊಟ್ಟದ್ದನ್ನು ಹೆಸರು ಹೇಳಿಯೇ ಕೊಟ್ಟರು. ನನ್ನ ಪ್ರಾಥಮಿಕ ಶಾಲೆಯ ಪುಸ್ತಕಗಳಿಗೆಲ್ಲ ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪು ಹಾಳೆಗಳದೇ ಹೊದಿಕೆ. ಮಗ್ಗಿ ಪುಸ್ತಕದ ಮೇಲೆ ಟ್ರ್ಯಾಕ್ಟರ್, ಸಮಾಜ ಪುಸ್ತಕದ ಮೇಲೆ ಗೋಧಿಯ ತೆನೆ. ಪುಡಿಗಾಸಿಗೆ ಸಿಕ್ಕುತ್ತಿದ್ದ ರಷ್ಯನ್ ಕಥೆಗಳನ್ನು ಓದಿಯೇ ನಾನು ಓದುವವನಾದೆ. ಅಲ್ಲಿ ಬಚ್ಚಿಟ್ಟದ್ದು ಬೇರೆ: ಆ ಅಂಗಡಿಯಲ್ಲಿ ಎಂದೂ ಸಿಕ್ಕದ ಪುಸ್ತಕಗಳು. ಪಾಸ್ಟರ್ನಾಕನ ‘ಡಾಕ್ಟರ್ ಜಿವಾಗೊ’ ಅವನ ದೇಶದಲ್ಲಿ ಅಚ್ಚಾಗಲಿಲ್ಲ. 1957ರಲ್ಲಿ ಇಟಲಿಯಲ್ಲಿ ಹೊರಬಂತು. ಮರುವರ್ಷ ಅದರ ರಷ್ಯನ್ ಮೂಲವನ್ನು ಗುಟ್ಟಾಗಿ ಅಚ್ಚುಮಾಡಿಸಿ, ಬ್ರಸೆಲ್ಸಿನ ವಿಶ್ವಪ್ರದರ್ಶನಕ್ಕೆ ಬಂದ ರಷ್ಯನ್ನರ ಕೈಗೆ ವ್ಯಾಟಿಕನ್ನಿನ ಮಂಟಪದಲ್ಲಿ ಹಂಚಿಸಿದವರು ಯಾರು? ಅದೇ ಸಿ.ಐ.ಎ. ಆ ಕಡತಗಳನ್ನು ಅವರೇ 2014ರಲ್ಲಿ ಬಿಡುಗಡೆ ಮಾಡಿದರು. ಈಗ ಹೇಳಿ, ಆ ಪುಸ್ತಕವನ್ನು ಕೋಟಿನೊಳಗೆ ಅಡಗಿಸಿಕೊಂಡು ಊರಿಗೆ ಒಯ್ದ ಓದುಗನಿಗೆ ಲಾಭವಾಯಿತೋ ಮೋಸವಾಯಿತೋ? ನನಗೆ ಉತ್ತರ ಹೊಳೆದಿಲ್ಲ. ಪುಸ್ತಕವಂತೂ ಒಳ್ಳೆಯದು.

ನನ್ನನ್ನು ಹೆಚ್ಚು ಕಾಡಿದ್ದು ಹಣವಲ್ಲ, ಒಂದು ಸಣ್ಣ ಪ್ರಸಂಗ. 1958ರಲ್ಲಿ ಡ್ವೈಟ್ ಮ್ಯಾಕ್‌ಡೊನಾಲ್ಡ್ ಎಂಬ ಅಮೆರಿಕನ್ ವಿಮರ್ಶಕ ತನ್ನ ದೇಶದ ಬಾಳಿನ ಬಗ್ಗೆಯೇ ಕಟುವಾದ ಒಂದು ಲೇಖನ ಬರೆದು ‘ಎನ್‌ಕೌಂಟರ್’ಗೆ ಕಳಿಸಿದ. ಸಂಪಾದಕರು ಮೊದಲು ಒಪ್ಪಿಕೊಂಡರು, ಆಮೇಲೆ ಬೇಡವೆಂದರು. ಅದು ಬೇರೆ ಪತ್ರಿಕೆಗಳಲ್ಲಿ ಅಚ್ಚಾಯಿತು. ಸಾಂಸ್ಕೃತಿಕ ಸ್ವಾತಂತ್ರ್ಯಕ್ಕಾಗಿಯೇ ಹುಟ್ಟಿದ ಪತ್ರಿಕೆ! ಇಂಥದು ನಡೆದದ್ದು ಕಡಮೆ. ನಡೆಯಬೇಕಾದ ಅಗತ್ಯವೂ ಹೆಚ್ಚಿರಲಿಲ್ಲವೆಂದು ತೋರುತ್ತದೆ. ಬರೆಯುವವರಿಗೆ, ಅಚ್ಚುಹಾಕುವವರಿಗೆ ಬೇಲಿ ಎಲ್ಲಿದೆಯೆಂದು ಮೈಗೇ ತಿಳಿದಿರುತ್ತದೆ. ಈಗ ಮೊಬೈಲಿನಲ್ಲಿ ನಮಗೆ ಏನು ಕಾಣಬೇಕು, ಏನು ಕಾಣಬಾರದು ಎಂಬುದನ್ನು ಇನ್ನಾರೋ ನಿರ್ಧರಿಸುತ್ತಾರೆಂದು ನಾವು ದೂರುತ್ತೇವೆ. ದೂರಬೇಕಾದ್ದೇ. ಆದರೆ ನಾನು ಯಾವ ಮೊಬೈಲಿನ ನೆರವೂ ಇಲ್ಲದೆ ಒಮ್ಮೆ ಅದೇ ಕೆಲಸ ಮಾಡಿದ್ದೇನೆ.

ಎಂಟು ವರ್ಷದ ಹಿಂದೆ, ಒಂದು ಕಾಲೇಜಿನ ಹಬ್ಬಕ್ಕೆ ವಿದ್ಯಾರ್ಥಿಗಳ ಬರಹಗಳ ಸಂಚಿಕೆ ತರುವ ಹೊಣೆ ನನ್ನ ಮೇಲೆ ಬಿತ್ತು. ಅಚ್ಚಿನ ಖರ್ಚನ್ನು ಊರಿನ ಹಿರಿಯರೊಬ್ಬರು ವಹಿಸಿದ್ದರು. ಅವರದು ನಿವೇಶನಗಳ ವ್ಯಾಪಾರ. ಸಜ್ಜನರು, ಏನನ್ನು ಹಾಕಬೇಕು, ಬಿಡಬೇಕು ಎಂದು ಒಂದು ದಿನವೂ ಕೇಳಲಿಲ್ಲ. ಬಂದ ಲೇಖನಗಳಲ್ಲಿ ಎರಡನೆಯ ಬಿ.ಎ. ಓದುತ್ತಿದ್ದ ಒಬ್ಬ ಹುಡುಗಿಯದೂ ಇತ್ತು. ಅವರ ಊರಿನ ಕೆರೆಗೆ ರಾತ್ರಿ ಹೊತ್ತು ಲಾರಿಯಲ್ಲಿ ಮಣ್ಣು ತಂದು ತುಂಬಿದ್ದು, ಅವಳಜ್ಜಿ ಬೆಳಿಗ್ಗೆ ಬಟ್ಟೆಗಂಟು ಹೊತ್ತು ಹೋಗಿ ಹಾಗೇ ಹಿಂದಿರುಗಿದ್ದು, ಆಮೇಲೆ ಅಲ್ಲಿ ಸಾಲಾಗಿ ಕಲ್ಲು ನೆಟ್ಟದ್ದು. ಕಲ್ಲು ನೆಡಿಸಿದವರು ಯಾರೆಂದು ಅವಳು ಬರೆದಿರಲಿಲ್ಲ. ಆ ಹಿರಿಯರೇ ಎಂದು ನನಗೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆ ಸಂಚಿಕೆಗೆ ಬಂದ ಬರಹಗಳಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ನಾನು ಅದನ್ನು ತೆಗೆದಿಟ್ಟೆ. ಕೇಳಲು ಬಂದಾಗ, “ಸ್ವಲ್ಪ ಉದ್ದವಾಯಿತಮ್ಮ, ಮುಂದಿನ ವರ್ಷ ನೋಡೋಣ” ಎಂದೆ. “ಆಗಲಿ ಸಾರ್” ಎಂದು ಹೋದಳು. ಮುಂದಿನ ವರ್ಷ ಸಂಚಿಕೆಯೇ ಬರಲಿಲ್ಲ.

ಮೇಷ್ಟ್ರು ಊರು ಬಿಡುವ ಹಿಂದಿನ ಸಂಜೆ ಮತ್ತೆ ಹೋಗಿದ್ದೆ. 1967ರಲ್ಲಿ ಅವರು ಮಾನಸಗಂಗೋತ್ರಿಯಲ್ಲಿ ಎಂ.ಎ. ವಿದ್ಯಾರ್ಥಿ. ಊಟದ ದುಡ್ಡು ಉಳಿಸಿ ಹಳೆಯ ಪುಸ್ತಕದಂಗಡಿಯಲ್ಲಿ ಆ ಸಂಚಿಕೆಗಳನ್ನು ಒಂದೊಂದಾಗಿ ಕೂಡಿಸಿದವರು. ಸುದ್ದಿ ಬಂದಾಗ ಏನು ಮಾಡಿದಿರಿ ಎಂದು ಕೇಳಿದೆ.

“ಒಂದು ವಾರ ಮುಟ್ಟಲಿಲ್ಲ ಕಣಯ್ಯ. ಸುಟ್ಟುಬಿಡೋಣ ಅಂತಲೂ ಅನ್ನಿಸಿತು. ಎಂಟನೇ ದಿನ, ಅರ್ಧ ಓದಿಟ್ಟಿದ್ದ ಲೇಖನವೊಂದಿತ್ತಲ್ಲ, ಅದು ಹೇಗೆ ಮುಗಿಯುತ್ತೋ ನೋಡೋಣ ಅಂತ ತೆಗೆದೆ. ಆಮೇಲೆ ರಟ್ಟು ಹಾಕಿಸಿದೆ.”

ಕೆರೆಯ ಪ್ರಬಂಧದ ವಿಷಯವನ್ನು ಆಗ ಅವರಿಗೆ ಹೇಳಿದೆ, ಯಾರಿಗೂ ಹೇಳಿರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು.

“ಆ ಮನುಷ್ಯ ನಿನಗೆ ಏನೂ ಹೇಳಲಿಲ್ಲ ಅಂದೆಯಾ?”

“ಇಲ್ಲ ಸಾರ್.”

“ಆ ಹುಡುಗಿಗಾದರೂ ನಿಜ ಹೇಳಿದೆಯಾ?”

“ಇನ್ನೂ ಇಲ್ಲ.”

ಅವರು ಮತ್ತೇನೂ ಕೇಳದೆ, ಒಳಗೆ ಹೋಗಿ ಕಾಫಿಗೆ ಹೇಳಿದರು.

ಅವಳೀಗ ಒಂದು ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಕನ್ನಡದ ಉಪಾಧ್ಯಾಯಿನಿ. ಯುಗಾದಿಗೆ, ದೀಪಾವಳಿಗೆ ತಪ್ಪದೆ ಫೋನು ಮಾಡುತ್ತಾಳೆ. ಅವಳ ಪ್ರಬಂಧ ನನ್ನ ಮೇಜಿನ ಖಾನೆಯಲ್ಲಿ ಹಾಗೆಯೇ ಇತ್ತು. ನಿನ್ನೆ ತೆಗೆದು ಎಣಿಸಿದೆ. ದುಂಡನೆಯ ಅಕ್ಷರದಲ್ಲಿ, ಒಂದು ಮಗ್ಗುಲಿಗೆ ಬರೆದ ಏಳು ಹಾಳೆ. ಉದ್ದವೇನೂ ಆಗಿರಲಿಲ್ಲ.