ಹಾಜರಿ ಪುಸ್ತಕದ ಕೆಂಪು ಗೆರೆ

ವಿದ್ಯಾಸಂಸ್ಥೆಯೊಂದರ ಕಾಲೇಜಿನಲ್ಲಿ ನಾನು ಹನ್ನೊಂದು ವರ್ಷ ಪ್ರಾಚಾರ್ಯನಾಗಿದ್ದೆ. ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಹಾಜರಿ ಪುಸ್ತಕವನ್ನು ಎದುರಿಗಿಟ್ಟುಕೊಂಡು, ಸಹಿ ಬೀಳದ ಹೆಸರುಗಳ ಮುಂದೆ ಕೆಂಪು ಶಾಯಿಯ ಗೆರೆ ಎಳೆಯುವುದು ನನ್ನ ನಿತ್ಯದ ರೂಢಿ. ಮೂರು ಗೆರೆ ಬಿದ್ದರೆ ಅರ್ಧ ದಿನದ ರಜೆ ಕಳೆಯುತ್ತಿತ್ತು. ಮಠದಲ್ಲಿ ಬೆಳೆದವನಾದ ನನಗೆ ಇದರಲ್ಲಿ ಕಠೋರತೆಯೇನೂ ಕಂಡಿರಲಿಲ್ಲ. ನಸುಕಿನ ನಾಲ್ಕೂವರೆಯ ಗಂಟೆ ಬಾರಿಸಿದೊಡನೆ ಎದ್ದು, ತಣ್ಣೀರು ಮಿಂದು, ಪ್ರಾರ್ಥನೆಗೆ ಕೂಡುವ ಕಟ್ಟಳೆಯಲ್ಲಿ ನನ್ನ ಬಾಲ್ಯ, ತಾರುಣ್ಯಗಳೆರಡೂ ಕಳೆದಿದ್ದವು.

ಆದ್ದರಿಂದಲೇ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ ನನ್ನ ಮಗಳು 2024ರಲ್ಲಿ ಒಂದು ಸಂಜೆ ಫೋನು ಮಾಡಿ, "ಅಪ್ಪಾಜಿ, ವಾರದಾಗ ಐದು ದಿನಾನೂ ಆಫೀಸಿಗೆ ಬರಬೇಕಂತ ಆರ್ಡರ್ ಬಂದೈತಿ" ಎಂದಾಗ ನಾನು ಹಿಂದುಮುಂದು ನೋಡದೆ ಉತ್ತರಿಸಿದೆ: "ಅದರಾಗ ತಪ್ಪೇನೈತಿ ತಂಗಿ? ಪಗಾರ ಕೊಡಾವ್ರು ಕರೀತಾರ, ಹೋಗಬೇಕು." ಅವಳು ಮರುಮಾತಾಡಲಿಲ್ಲ. ಆ ಮೌನವನ್ನು ನಾನು ಒಪ್ಪಿಗೆಯೆಂದೇ ತಿಳಿದೆ.

ಅವಳಿಗೆ 2018ರಿಂದ ಸಂಧಿವಾತವಿದೆ. ವೈದ್ಯರು ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಕರೆಯುವ ಈ ಬೇನೆ ನಮ್ಮಂಥ ವಯಸ್ಸಾದವರ ಮೊಣಕಾಲಿನ ಸವೆತದಂತಹುದಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಕೀಲುಗಳ ಒಳಪದರದ ಮೇಲೆ ಎರಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಬೆಳಗಿನ ಬಿಗಿತವೆಂಬುದು ಇದರ ಮುಖ್ಯ ಲಕ್ಷಣ. ಎದ್ದ ಮೇಲೆ ಒಂದು ಗಂಟೆಗೂ ಮೀರಿ ಬೆರಳು, ಮಣಿಕಟ್ಟು, ಪಾದಗಳು ಮರಗಟ್ಟಿದಂತಿದ್ದು, ಮೆಲ್ಲಮೆಲ್ಲನೆ ಆಡಿಸಿದಂತೆ ಸಡಿಲಗೊಳ್ಳುತ್ತವೆ. ಹನ್ನೊಂದು ಗಂಟೆಗೆ ನೋಡಿದವರಿಗೆ ಆಕೆ ರೋಗಿಯೆಂಬ ಸುಳಿವೂ ಹತ್ತದು. ಇದಕ್ಕೆ ಕೊಡುವ ಔಷಧಗಳು ನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಇತರರಿಂದ ಸೋಂಕು ತಗಲುವ ಭಯವೂ ಜೊತೆಗಿರುತ್ತದೆ.

2020ರ ಮಾರ್ಚಿಯಲ್ಲಿ ಕೊರೊನಾ ಬಂದು ಕಂಪನಿಗಳೆಲ್ಲ ತಮ್ಮ ಜನರನ್ನು ಮನೆಗೆ ಕಳಿಸಿದವು. ಲೋಕಕ್ಕೆ ವಿಪತ್ತಾದುದು ನನ್ನ ಮಗಳ ಕೀಲುಗಳಿಗೆ ಬಿಡುವಾಯಿತು ಎನ್ನಲು ಸಂಕೋಚವಾಗುತ್ತದೆ. ಆದರೆ ನಡೆದದ್ದು ಹಾಗೆಯೇ. ಬೆಳಿಗ್ಗೆ ಬಿಗಿತ ಇಳಿದ ಮೇಲೆ ಕೆಲಸಕ್ಕೆ ಕುಳಿತು, ರಾತ್ರಿ ಅಷ್ಟೇ ಹೊತ್ತು ಹೆಚ್ಚಿಗೆ ದುಡಿಯುತ್ತಿದ್ದಳು. ಮನೆಯಿಂದ ದುಡಿದ ಆ ವರ್ಷಗಳಲ್ಲಿಯೇ ಅವಳಿಗೆ ಬಡ್ತಿಯೂ ದೊರೆಯಿತು.

2025ರ ಶ್ರಾವಣದಲ್ಲಿ ನಾನು ಅವಳ ಮನೆಯಲ್ಲಿ ಹತ್ತು ದಿನ ಇದ್ದೆ. ಏಳೂವರೆಗೆ ಕಂಪನಿಯ ಗಾಡಿ ಬರುವುದೆಂದು ಅವಳು ಐದಕ್ಕೇ ಎದ್ದು ಬಿಸಿನೀರಿನ ಬೋಗುಣಿಯಲ್ಲಿ ಕೈಗಳನ್ನು ಇಳಿಬಿಟ್ಟು ಕೂಡುತ್ತಿದ್ದಳು. ಅಳಿಯಂದಿರು ಊರಲ್ಲಿರಲಿಲ್ಲ. ಮೂರನೆಯ ದಿನ ಅವಳು ಊಟದ ಡಬ್ಬಿಯನ್ನು ತಂದು ನನ್ನ ಮುಂದಿಟ್ಟು, "ಅಪ್ಪಾಜಿ, ಇದರ ಮುಚ್ಚಳ ಒಂದಿಷ್ಟು ಹಾಕಿಕೊಡು" ಎಂದಳು. ಮೂವತ್ತೆಂಟು ವರ್ಷದ ಮಗಳ ಡಬ್ಬಿಯ ಮುಚ್ಚಳ ಹಾಕುವಾಗ, ನಾನು ಫೋನಿನಲ್ಲಿ ಆಡಿದ ಮಾತು ನನಗೇ ಕೇಳಿಸಿದಂತಾಯಿತು.

ಮಾರತ್ತಹಳ್ಳಿಯಲ್ಲಿರುವ ಬೀಗರನ್ನು ಕಾಣುವ ನೆಪದಿಂದ ಅಂದು ಬಾಡಿಗೆ ಕಾರು ತರಿಸಿ ಅವಳ ಜೊತೆಗೇ ಹೊರಟೆ. ವಿಜಯನಗರದಿಂದ ಬೆಳ್ಳಂದೂರಿನ ಕಚೇರಿಗೆ ಸುಮಾರು 20 ಕಿಲೋಮೀಟರು. ಟಾಮ್‌ಟಾಮ್ ಎಂಬ ಸಂಸ್ಥೆ ಪ್ರತಿವರ್ಷ ಜಗತ್ತಿನ ನಗರಗಳ ಸಂಚಾರವನ್ನು ಅಳೆಯುತ್ತದೆ. ಅದರ ಲೆಕ್ಕದಲ್ಲಿ 2024ರಲ್ಲಿ ಬೆಂಗಳೂರಿನೊಳಗೆ 10 ಕಿಲೋಮೀಟರು ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು ಹಿಡಿಯಿತು. ಅದು ಸರಾಸರಿ. ಕಚೇರಿಯ ವೇಳೆಗೆ ಹೊರವರ್ತುಲ ರಸ್ತೆಯಲ್ಲಿ ಮೆಟ್ರೊ ಕಾಮಗಾರಿಯ ಕಂಬಗಳ ನಡುವೆ ತೆವಳಿದ ನಮಗೆ ಒಂದು ಗಂಟೆ ಐವತ್ತು ನಿಮಿಷ ಬೇಕಾಯಿತು. ಒಂದೇ ಭಂಗಿಯಲ್ಲಿ ಕುಳಿತರೆ ಇಳಿದ ಬಿಗಿತ ಮರಳಿ ಅಡರುತ್ತದೆ. ಕಾರು ನಿಂತ ಮೇಲೂ ಅವಳು ಕೂಡಲೇ ಇಳಿಯಲಿಲ್ಲ. ಬಾಗಿಲು ಹಿಡಿದು, ಪಾದವನ್ನು ನೆಲಕ್ಕೆ ಊರಿ, ತುಸು ತಾಳಿ ಎದ್ದಳು. ಹಿಂದಿನ ಗಾಡಿಯವನು ಹಾರನ್ನು ಬಾರಿಸುತ್ತಲೇ ಇದ್ದ.

ಆ ಕಚೇರಿಯಲ್ಲಿ ಅವಳು ದಿನವಿಡೀ ಮಾಡುವುದೇನು? ಕಿವಿಗೆ ಹೆಡ್‌ಫೋನು ಹಾಕಿಕೊಂಡು ಪುಣೆಯಲ್ಲಿಯೂ ಅಮೆರಿಕದಲ್ಲಿಯೂ ಇರುವ ತನ್ನ ತಂಡದವರೊಡನೆ ಮಾತಾಡುವುದು. ಆ ಕಟ್ಟಡದಲ್ಲಿ ಅವಳ ತಂಡದವರು ಒಬ್ಬರೂ ಇಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಹೇಳಿದಳು: "ಕೆಲಸಾ ಬ್ಯಾರೆ, ಹಾಜರಿ ಬ್ಯಾರೆ ಅಪ್ಪಾಜಿ. ಅವರಿಗೆ ಹಾಜರಿ ಬೇಕು."

ಈ ಮಾತು ನನ್ನನ್ನು 2012ರ ಚಳಿಗಾಲಕ್ಕೆ ಎಳೆದೊಯ್ದಿತು. ನಮ್ಮ ಕಾಲೇಜಿನಲ್ಲಿ ದಮ್ಮಿನ ಬೇನೆಯ ಒಬ್ಬ ಗುಮಾಸ್ತರಿದ್ದರು. ಅವರ ಮೇಜು ಕೆಳಗಿನ ಅಂತಸ್ತಿನಲ್ಲಿ. ಹಾಜರಿ ಪುಸ್ತಕ ಮಾತ್ರ ಮಹಡಿಯ ಮೇಲೆ ನನ್ನ ಕೋಣೆಯಲ್ಲಿ. ಅವರು ಒಂಬತ್ತೂ ಮುಕ್ಕಾಲಿಗೇ ಬಂದು ಶುಲ್ಕದ ರಸೀದಿ ಬರೆಯತೊಡಗುತ್ತಿದ್ದರು. ಮೆಟ್ಟಿಲು ಹತ್ತಲು ನಡುನಡುವೆ ನಿಲ್ಲಬೇಕಾಗಿ, ಕಿಟಕಿಯ ಮುಂದೆ ನಿಂತ ಹುಡುಗರನ್ನೂ ಕಳಿಸಬೇಕಾಗಿ, ಮೇಲೆ ಬರುವಷ್ಟರಲ್ಲಿ ಹತ್ತು ಹನ್ನೆರಡಾಗುತ್ತಿತ್ತು. ನಾನು ಗೆರೆ ಎಳೆಯುತ್ತಿದ್ದೆ. ಒಂದು ದಿನ ಅವರು, "ಸರ, ಪುಸ್ತಕ ಕೆಳಗ ಇಡಿಸಿದ್ರ ಹತ್ತಕ್ಕ ಮೊದಲ ಸಹಿ ಮಾಡ್ತೀನ್ರಿ" ಎಂದು ವಿನಂತಿಸಿದರು. ನಿಯಮ ಎಲ್ಲರಿಗೂ ಒಂದೇ ಎಂದೆ. ಅವರು ದುಡಿಯುತ್ತಿರುವುದು ಗೊತ್ತಿದ್ದೂ ಎಳೆದ ಗೆರೆಗಳವು. ಕಾಯಕವೆಂಬ ಪದದೊಳಗೇ ಕಾಯವಿದೆಯೆಂದು ನಾನು ಅದೆಷ್ಟು ವೇದಿಕೆಗಳಲ್ಲಿ ವಿವರಿಸಿದ್ದೆನೋ ಲೆಕ್ಕವಿಲ್ಲ. ಆ ವರ್ಷದ ಬಸವ ಜಯಂತಿಯಲ್ಲಿಯೂ ವಿವರಿಸಿದ್ದೆ.

ಇದು ಒಂದು ಕಂಪನಿಯ ಮಾತಲ್ಲ. ಟಿಸಿಎಸ್ ಸಂಸ್ಥೆ 2023ರ ಅಕ್ಟೋಬರಿನಿಂದ ತನ್ನ ನೌಕರರನ್ನು ವಾರದ ಐದೂ ದಿನ ಕಚೇರಿಗೆ ಕರೆಯಿತು. 2024ರ ಏಪ್ರಿಲಿನಲ್ಲಿ ವೇತನದ ಒಂದು ಭಾಗವನ್ನು ಹಾಜರಿಗೆ ಜೋಡಿಸಿ, ಶೇಕಡಾ 60ಕ್ಕಿಂತ ಕಡಿಮೆ ಹಾಜರಿಯವರಿಗೆ ಆ ಭಾಗವಿಲ್ಲವೆಂದು ಗೊತ್ತುಪಡಿಸಿದ್ದು ಪತ್ರಿಕೆಗಳಲ್ಲಿ ಬಂತು. ಅಮೆಜಾನ್ 2025ರ ಜನವರಿಯಿಂದ ಐದು ದಿನದ ನಿಯಮ ತಂದಿತು. ಇನ್ಫೋಸಿಸ್ ಅದೇ ವರ್ಷದ ಮಾರ್ಚಿಯಲ್ಲಿ, ಕೆಳಗಿನ ಮತ್ತು ನಡುವಣ ಹಂತದವರಿಗೆ ತಿಂಗಳಿಗೆ 10 ದಿನ ಎಂದಿತು.

ಕಂಪನಿಗಳ ವಾದವನ್ನು ನಾನು ಅಲ್ಲಗಳೆಯಲಾರೆ. ಹೊಸಬರು ಹಿರಿಯರ ಮಗ್ಗುಲಲ್ಲಿ ಕುಳಿತು ಕಲಿಯುವುದು ಬೇರೆಯೇ. ಗುರುವಿನ ಸನ್ನಿಧಿಯಲ್ಲಿ ಕಲಿತ ನಾನು ಅದನ್ನು ಹೇಗೆ ನಿರಾಕರಿಸಲಿ? ಮನೆಯಿಂದ ದುಡಿಯುವುದೂ ನಿರಪಾಯವಲ್ಲ. ನಮ್ಮ ಬಂಧುಗಳಲ್ಲಿಯೇ ಒಬ್ಬ ತರುಣ ಎರಡು ವರ್ಷ ಮಂಚದ ಮೇಲೆಯೇ ಲ್ಯಾಪ್‌ಟಾಪು ಇಟ್ಟುಕೊಂಡು ಬೆನ್ನು ಕೆಡಿಸಿಕೊಂಡನು, ಜನರೊಡನೆ ಮಾತನ್ನೂ ಕಳೆದುಕೊಂಡನು. ಅಂಬಿಗರ ಚೌಡಯ್ಯನವರ ದೋಣಿ ಹೊಳೆಯಲ್ಲಿಯೇ ಇರಬೇಕು. ನುಲಿಯ ಚಂದಯ್ಯನವರು ಹುಲ್ಲು ಕೊಯ್ದ ಮೇಲೆ ಹಗ್ಗವನ್ನು ಎಲ್ಲಿ ಕುಳಿತು ಹೊಸೆದರೂ ಹಗ್ಗವೇ. ಸ್ಥಳವನ್ನು ಕೆಲಸವೇ ಗೊತ್ತುಮಾಡಬೇಕು.

ಈ ಬಗ್ಗೆ ಊಹೆಗಿಂತ ಗಟ್ಟಿಯಾದ ಒಂದು ಪರೀಕ್ಷೆಯೂ ನಡೆದಿದೆ. ಚೀನದ ಟ್ರಿಪ್ ಡಾಟ್ ಕಾಮ್ ಎಂಬ ಪ್ರವಾಸ ಕಂಪನಿ 2021ರಲ್ಲಿ ತನ್ನ 1,612 ನೌಕರರನ್ನು ಹುಟ್ಟಿದ ತಾರೀಖು ಸಮವೋ ಬೆಸವೋ ಎಂದು ನೋಡಿ ಎರಡು ಪಾಲು ಮಾಡಿತು. (ಜಾತಕ ನೋಡುವ ನಮ್ಮ ಜನಕ್ಕೂ ತೋಚದ ಉಪಾಯ!) ಒಂದು ಪಾಲಿನವರು ಐದು ದಿನವೂ ಕಚೇರಿಗೆ, ಇನ್ನೊಂದು ಪಾಲಿನವರು ಎರಡು ದಿನ ಮನೆಯಿಂದ. 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಕೆಲಸದ ಗುಣದಲ್ಲಾಗಲಿ ಬಡ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಕೆಲಸ ಬಿಟ್ಟುಹೋಗುವವರ ಸಂಖ್ಯೆ ಮಾತ್ರ ಮೂರನೆಯ ಒಂದು ಭಾಗದಷ್ಟು ಇಳಿಯಿತು. ಅದರಲ್ಲಿಯೂ ಹೆಂಗಸರು ಮತ್ತು ದೂರದಿಂದ ಬರುವವರು ಉಳಿದುಕೊಂಡರು.

ಮಗಳು ತನ್ನ ಕಂಪನಿಗೆ ವೈದ್ಯರ ಪ್ರಮಾಣಪತ್ರ ಸಲ್ಲಿಸಿದಳು. ಅದನ್ನು ಕಂಪ್ಯೂಟರಿನಲ್ಲಿ ಏರಿಸಬೇಕು; ಕಾಯಿಲೆಯ ಹೆಸರನ್ನು ಪಟ್ಟಿಯಿಂದ ಆರಿಸಬೇಕು; ಪಟ್ಟಿಯಲ್ಲಿ ಅವಳ ಕಾಯಿಲೆ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿಯೂ ಇದರ ಹೆಸರಿಲ್ಲ. 2017ರ ಹೆರಿಗೆ ಸೌಲಭ್ಯದ ತಿದ್ದುಪಡಿ, ರಜೆ ಮುಗಿದ ತಾಯಿಯು ಮಾಲೀಕರ ಒಪ್ಪಿಗೆಯಿಂದ ಮನೆಯಿಂದ ದುಡಿಯಲು ಎಡೆಮಾಡಿತ್ತು. ದೀರ್ಘ ಕಾಯಿಲೆಯವರಿಗೆ ಅಂತಹ ಮಾತನ್ನು ಅದು ಆಡಿರಲಿಲ್ಲ. ಮೂರು ಸಲ ಅರ್ಜಿ ಹಾಕಿದಾಗಲೂ ಬಂದದ್ದು ಒಂದೇ ಒಕ್ಕಣೆಯ ಉತ್ತರ. ಅವಳನ್ನು ಕರೆದು ಕೇಳಿದವರು ಯಾರೂ ಇಲ್ಲ.

ಮಠದಲ್ಲಿ ನನಗೆ ಹನ್ನೆರಡನೆಯ ವಯಸ್ಸಿನಲ್ಲಿ ವಿಷಮಜ್ವರ ಬಂದಿತ್ತು. ಪ್ರಾರ್ಥನೆಯ ಸಾಲಿನಲ್ಲಿ ನನ್ನ ಜಾಗ ಖಾಲಿಯಿದ್ದುದನ್ನು ಕಂಡ ಗುರುಗಳು ತಾವೇ ಕೋಣೆಗೆ ದಯಮಾಡಿಸಿ, ಹಣೆ ಮುಟ್ಟಿ ನೋಡಿ, ಗಂಜಿ ಕಳಿಸಿದರು. ಇಪ್ಪತ್ತೊಂದು ದಿನ ಗಂಟೆ ಬಾರಿಸಿದರೂ ನಾನು ಏಳಬೇಕಾಗಿರಲಿಲ್ಲ. ಗಂಟೆಯ ವೇಳೆ ಮಾತ್ರ ಒಂದು ನಿಮಿಷವೂ ಬದಲಾಗಲಿಲ್ಲ. ಗಂಟೆಯನ್ನು ನಾನು ಕಾಲೇಜಿಗೆ ಒಯ್ದೆ. ಹಣೆ ಮುಟ್ಟಿ ನೋಡುವುದನ್ನು ಒಯ್ಯಲಿಲ್ಲ.

ನಾಲ್ಕನೆಯ ಅರ್ಜಿಗೆ ಮಗಳ ಮೇಲಧಿಕಾರಿಣಿಯೊಬ್ಬರು ತಮ್ಮ ಹೊಣೆಯ ಮೇಲೆ ಸಹಿ ಮಾಡಿದರು. ಆ ತಾಯಿಯ ತಾಯಿಗೂ ಇದೇ ಬೇನೆಯಿತ್ತಂತೆ. ವಾರಕ್ಕೆ ಮೂರು ದಿನ ಮನೆಯಿಂದ, ಉಳಿದ ಎರಡು ದಿನ ಹನ್ನೊಂದಕ್ಕೆ ಕಚೇರಿಗೆ, ಆರು ತಿಂಗಳ ಮಟ್ಟಿಗೆ. ಅವಧಿ ಮುಗಿದೊಡನೆ ಹೊಸ ಪ್ರಮಾಣಪತ್ರದೊಡನೆ ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕು. ವೈದ್ಯರ ಭೇಟಿಗೆ ದಿನ ಗೊತ್ತಾಗಿದೆ. ಹಿಂದಿನ ರಾತ್ರಿಯ ರೈಲಿಗೆ ನಾನೂ ಟಿಕೆಟು ತೆಗೆಸಿದ್ದೇನೆ.